ಮೊದಲ ಹಿಡಿ ಇರುವೆಗೆ

ಒಂದಾನೊಂದು ಊರಿನ ತಿರುವಿನಲ್ಲಿ ಲಾರಿ ಉರುಳಿ, ಬಿಳಿ ಪಾಷಾಣದ ಪುಡಿ ರಸ್ತೆ ತುಂಬ ಚೆಲ್ಲಿತು. ಅದನ್ನು ಬಾಚಲು ಬಂದ ಮುಖಗವಸಿನವರು ಚಿಟಿಕೆಯನ್ನೂ ಬಿಡದೆ ಒಯ್ಯುತ್ತೇವೆಂದು ಊರಿಗೆ ಮಾತು ಕೊಟ್ಟರು. ಮರುದಿನ ಬೆಳಿಗ್ಗೆ ಒಂದು ಮನೆಯ ಮುಂದಿನ ರಂಗೋಲಿ ಕಂಡು ಅವರಲ್ಲೊಬ್ಬ ಬಾಗಿಲಲ್ಲಿದ್ದ ಅಜ್ಜಿಯ ಬಳಿಗೆ ಓಡಿದ.

"ಅಜ್ಜೀ, ಈ ಪುಡಿ ಎಲ್ಲೀದು?"

"ರಸ್ತೇದು. ಹಿಟ್ಟು ತುಳೀಬಾರ್ದಲ್ಲಪ್ಪಾ, ನೀವು ಬರೋ ಮುಂಚೇನೇ ಒಂದು ಡಬ್ಬಿ ಬಾಚ್ಕೊಂಡೆ."

"ಅಯ್ಯೋ, ಅದು ವಿಷ! ಮಿಕ್ಕಿದ್ದೆಲ್ಲಿ?"

"ಅಡುಗೆಮನೇಲಿ."

ಒಳಗೆ ರೊಟ್ಟಿ ತಟ್ಟುವ ಸದ್ದು. ಮೊಮ್ಮಗಳು ಏನನ್ನೋ ಅಗಿಯುತ್ತ ಹೊಸಿಲಿಗೆ ಬಂದಳು.

"ಉಗಿಯಮ್ಮಾ, ಉಗಿ!" ಅವನು ಚೀರಿದ.

"ಕಿರುಚ್ಬೇಡ, ಅದು ರಾಗಿ ರೊಟ್ಟಿ. ಹೊಸ ಹಿಟ್ಟಿನ ಮೊದಲ ಹಿಡಿ ಇರುವೆಗೆ ಅಂತ ನಿನ್ನೆ ಸಂಜೆ ರಂಗೋಲಿ ಹಾಕಿದೆ. ಒಂದೂ ಬದುಕಲಿಲ್ಲ," ಎಂದು ಅಜ್ಜಿ, ಬಟ್ಟೆ ಸುತ್ತಿ ಕಟ್ಟಿಟ್ಟಿದ್ದ ಡಬ್ಬಿಯನ್ನು ತಂದು ಅವನ ಕೈಗಿತ್ತಳು.