ಪುಸ್ತಕದ ಪರದೆ

"ನೋಡಿ ಮೇಷ್ಟ್ರೇ, ಈಗಷ್ಟೇ ಬಂತು. ಮಗಳು ಲೈಬ್ರರಿಯಲ್ಲಿದ್ದಾಳೆ." ಪಾಸ್‌ಪೋರ್ಟ್ ಫೋಟೋಗೆಂದು ಸ್ಟೂಲಿನ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರ ಮೂಗಿಗೇ ಫೋಟೋಗ್ರಾಫರ್ ತನ್ನ ಫೋನು ಹಿಡಿದ.

ಕಾಲ ಕೆಟ್ಟಿದೆ, ಹುಡುಗಿಗೆ ಹದಿನಾರು. ಅದಕ್ಕೇ ಸಂಜೆ ನಾಲ್ಕರಿಂದ ಆರರವರೆಗೆ ಹತ್ತು ನಿಮಿಷಕ್ಕೊಂದು ಫೋಟೋ ಕಳಿಸಬೇಕೆಂದು ಅವನ ಕಟ್ಟಪ್ಪಣೆ. ಊರವರ ಮುಖದ ಮೊಡವೆ ಅಳಿಸಿ ಅನ್ನ ತಿನ್ನುವ ತನ್ನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗದು ಎಂಬ ಜಂಬ ಬೇರೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅಲ್ಲಯ್ಯಾ, ಈ ಪುಸ್ತಕಗಳ ಮುಂದೆ ನಾನೂ ಕೂತಿದ್ದೆನಲ್ಲ! ನಿವೃತ್ತಿಯ ದಿನ ನೀನೇ ಕೂರಿಸಿ ತೆಗೆದಿದ್ದೆ."

ಫೋಟೋಗ್ರಾಫರ್ ಚಿತ್ರ ಹಿಗ್ಗಿಸಿದ. ಕೆಳಗಿನ ಸಾಲಿನ ದಪ್ಪ ನಿಘಂಟಿನ ಮೇಲೆ, ಇಲಿ ಕಡಿದ ತೂತಿಗೆ ತಾನೇ ಹಚ್ಚಿದ ತೇಪೆ! ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ತೂಗುಬಿಟ್ಟ ಆ ಬಣ್ಣದ ಪರದೆ ಮುಂದೆ ಕೂತು ಫೋಟೋ ತೆಗೆಸಿಕೊಳ್ಳುವವರು ಈಗ ಯಾರಿದ್ದಾರೆ? ಅಲ್ಲಿಗೆ ಕಾಲಿಟ್ಟು ಅವನಿಗೇ ವರ್ಷವಾಗಿತ್ತು. ನುಗ್ಗಿ ನೋಡಿದರೆ, ಬಣ್ಣದಲ್ಲಿ ಬರೆದ ಪುಸ್ತಕಗಳ ಮುಂದೆ ಮಗಳು ಗಣಿತದ ಪುಸ್ತಕ ಹರವಿಕೊಂಡು ನೆಲದ ಮೇಲೆ ಕೂತಿದ್ದಳು.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ಒಂದು ತಿಂಗಳಿಂದ. ಹಿಂದಿನ ಬಾಗಿಲಿಂದ ಬರ್ತೀನಿ."

"ಲೈಬ್ರರಿಗೆ ಏನು ಬಂದಿತ್ತು ರೋಗ?"

"ಅಲ್ಲಿಗೇ ಹೋಗ್ತಿದ್ದೆ. ಹತ್ತು ನಿಮಿಷಕ್ಕೊಂದ್ಸಲ ಎದ್ದು ನಿಂತು ಫೋಟೋ ತೆಗೀತಿದ್ದೆನಲ್ಲ, ಎಲ್ರಿಗೂ ತೊಂದ್ರೆ, ಇನ್ಮೇಲೆ ಬರಬೇಡ ಅಂದ್ರು."

"ನನಗೆ ಹೇಳೋಕೆ ಬಾಯಿರಲಿಲ್ವಾ?"

"ಹೇಳೋಕೇ ಅವತ್ತು ಸ್ಟುಡಿಯೋಗೆ ಬಂದೆ ಅಪ್ಪ. ನಿನ್ನ ಎದುರಿಗೇ ನಿಂತಿದ್ದೆ. ನೀನು ತಲೆ ಬಗ್ಗಿಸಿ ಏನೋ ಟೈಪ್ ಮಾಡ್ತಿದ್ದೆ." ಮಗಳು ಪುಸ್ತಕದ ಪುಟ ಮಡಿಚಿದಳು. "ಆಮೇಲೆ ನನ್ನ ಫೋನಿಗೆ ಬಂತು, 'ಎಲ್ಲಿದ್ದೀಯ? ಫೋಟೋ ಕಳಿಸು' ಅಂತ. ಇಲ್ಲಿ ಬಂದು ಕೂತು ಕಳಿಸ್ದೆ. ನೀನು ಶಭಾಷ್ ಅಂದೆ."

ನಾಚಿಕೆಯಿಂದ ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಆಸ್ಪತ್ರೆಯ ಡ್ಯೂಟಿಯಲ್ಲಿದ್ದ ಹೆಂಡತಿ: "ಮಗಳು ಲೈಬ್ರರಿಯಲ್ಲೇ ಇದ್ದಾಳಾ? ಫೋಟೋ ಬಂತಾ?"

ಅವನು ಮಗಳನ್ನು ನೋಡಿದ. ಬಗ್ಗಿ ಪರದೆಯ ಸುಕ್ಕು ಎಳೆದು ಸರಿಪಡಿಸಿದ. ತೇಪೆ ಕಾಣದಂತೆ ಅವಳ ಬ್ಯಾಗನ್ನು ಅಲ್ಲಿಗೆ ಒರಗಿಸಿಟ್ಟ.

"ಗದ್ದ ಸ್ವಲ್ಪ ಮೇಲೆತ್ತು," ಅಂದು ಫೋನು ಹಿಡಿದ.