ಅಪ್ಪನ ಸ್ಕ್ಯಾನು

ಕಣ್ಣೆದುರಿಗಿದ್ದ ವಸ್ತುವೂ ಅಪ್ಪನಿಗೆ ಕಾಣುವುದಿಲ್ಲ ಎಂದು ಅವ್ವ ತಿಂಗಳುಗಟ್ಟಲೆ ದೂರಿದ್ದಳು. ಕಣ್ಣಿನ ಡಾಕ್ಟರಿಗೆ ದೋಷವೇನೂ ಸಿಗಲಿಲ್ಲ. ಮರೆವಿನ ಕಾಯಿಲೆ ಕೆಲವರಲ್ಲಿ ನೆನಪನ್ನು ಬಿಟ್ಟು ನೋಟವನ್ನೇ ಮೊದಲು ತಿನ್ನುತ್ತದಂತೆ. ಹಾಗಾಗಿ ಮಿದುಳಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಆ ಕಾಯಿಲೆಯಲ್ಲಿ ಮಿದುಳಿನೊಳಗೆ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನು ಇದ್ದರೆ ಚಿತ್ರದಲ್ಲಿ ಕಾಣುತ್ತದೆ ಎಂದಿದ್ದರು.

"ಏನೂ ಇಲ್ಲ. ನಿಮ್ಮ ತಂದಿಯವರ ಮಿದುಳು ಸ್ವಚ್ಛ ಐತಿ," ಎಂದರು ಡಾಕ್ಟರು, ಚಿತ್ರ ನೋಡಿ.

"ಮತ್ತ ಕಣ್ಮುಂದಿನ ಚಸ್ಮಾ ಯಾಕ ಹುಡುಕ್ತಾರ್ರೀ?" ಅವ್ವ ಬಿಡಲಿಲ್ಲ.

"ಅದು ಫ್ರಿಜ್ಜಿನಾಗ ಇತ್ತು," ಎಂದ ಅಪ್ಪ, ಮೆಲ್ಲಗೆ. "ನಾ ಇಟ್ಟಿದ್ದಲ್ಲ."

'ಕೇಳಿದ್ಯಾ ಇವರ ಮಾತು?' ಎಂಬಂತೆ ಅವ್ವ ನನ್ನನ್ನು ನೋಡಿದಳು.

ಅಪ್ಪ ಚಪ್ಪಲಿ ಮೆಟ್ಟುತ್ತಿದ್ದಾಗ, ಹೊರಗೆ ರಿಪೋರ್ಟು ಕೊಡುವ ನರ್ಸು ಅವ್ವನನ್ನು ಕೇಳಿದಳು, "ಯಜಮಾನ್ರ ಹೆಸರೇನ್ರೀ, ಅಮ್ಮಾರ?"

ಅವ್ವ ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು.

"ಅಯ್ಯ, ಗಂಡನ ಹೆಸರು ಹೇಳಾಕ ಈ ವಯಸ್ಸಿನ್ಯಾಗೂ ನಾಚಿಕಿ ಏನ್ರೀ? ಮದುವ್ಯಾಗ ಅವರ ಹೆಸರು ಸೇರಿಸಿ ಹಾಕಿದ ಒಡಪರ ಹೇಳ್ರಿ!"

ನರ್ಸು ನಕ್ಕಳು. ನನಗೂ ನಗು ಬಂತು.

ಅವ್ವ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಅವರ ಹೆಸರೇನ, ಮಗಳ?"