ಹದಿನಾಲ್ಕನೇ ಉಲ್ಲೇಖ

ಗೈಡ್ ಮೇಷ್ಟ್ರ ಕೆಂಪು ಪೆನ್ನು ಶಿಷ್ಯೆಯ ಪಿಎಚ್‌ಡಿ ಪ್ರಬಂಧದ ಹದಿನಾಲ್ಕನೇ ಉಲ್ಲೇಖದ ಮೇಲೆ ನಿಂತಿತು.

"ಇದು ಪ್ರಿಪ್ರಿಂಟ್ ಕಣಮ್ಮ, ಯಾರೂ ಪರಿಶೀಲಿಸದೇ ಇಂಟರ್ನೆಟ್ಟಿಗೆ ಹಾಕಿರೋದು. ನೀನು ಓದಿದ್ದೀಯೋ, ಯಾರದೋ ಪಟ್ಟಿಯಿಂದ ಎತ್ತಿ ಹಾಕಿದ್ದೀಯೋ?"

"ಓದಿದೀನಿ ಸರ್. ಎರಡು ಆವೃತ್ತಿನೂ."

ಎರಡೆಲ್ಲಿಂದ ಬಂತು? ಹುಡುಗಿ ಕಾಗೆ ಹಾರಿಸುತ್ತಿದ್ದಾಳೆಂದು ಅವರಿಗೆ ಖಾತ್ರಿಯಾಯಿತು. ಎದುರಿಗೇ ಬಣ್ಣ ಬಯಲು ಮಾಡೋಣವೆಂದು ಕಂಪ್ಯೂಟರಿನಲ್ಲಿ ಆ ಉಲ್ಲೇಖದ ಲಿಂಕ್ ತೆರೆದರು. ಪುಟದ ನೆತ್ತಿಯಲ್ಲೇ ಲೇಖಕರ ಟಿಪ್ಪಣಿಯಿತ್ತು: 'ಮೊದಲ ಆವೃತ್ತಿಯ ಫಲಿತಾಂಶ ತಪ್ಪು. ದಯವಿಟ್ಟು ಬಳಸಬೇಡಿ.' ಮೂರು ವರ್ಷ ಹಿಂದಿನ ದಿನಾಂಕ.

ಮೇಷ್ಟ್ರು ಕಳೆದ ವರ್ಷ ಪ್ರಕಟಿಸಿದ ಲೇಖನ ನಿಂತಿದ್ದೇ ಆ ಫಲಿತಾಂಶದ ಮೇಲೆ. ಅದನ್ನವರು ಗೆಳೆಯನ ಪಟ್ಟಿಯಿಂದ ಎತ್ತಿ ಹಾಕಿದ್ದರು.

"ನೀನು... ನನ್ನ ಲೇಖನ ಓದಿದ್ದೀಯಾ?"

ಹುಡುಗಿ ನೆಲ ನೋಡಿದಳು. "ಹದಿನೈದನೇ ಉಲ್ಲೇಖ ಅದೇ ಸರ್. ಯಾರ್ಯಾರು ಮೊದಲನೇದನ್ನೇ ನಂಬಿದ್ರು ಅನ್ನೋ ಕಡೆ ಬರುತ್ತೆ."